ಗೋಡೆ ಇಲ್ಲದ ಕೋಫುಕುಜಿ

ಜಪಾನಿನ ನಾರಾ ಸ್ಟೇಷನ್ನಿನಿಂದ ಏರುದಾರಿಯಲ್ಲಿ ಸ್ವಲ್ಪ ನಡೆದರೆ ಕೋಫುಕುಜಿ. ಆದರೆ ಈ ಬೌದ್ಧ ದೇಗುಲದ ಒಳಗೆ ಯಾವಾಗ ಬಂದೆವು ಅಂತಲೇ ತಿಳಿಯುವುದಿಲ್ಲ. ಸುತ್ತ ಪೌಳಿ ಇಲ್ಲ. ತಿಂಡಿಗಾಗಿ ಪ್ರವಾಸಿಗರ ಚೀಲ ಎಳೆಯುವ ಜಿಂಕೆಗಳು, ಪಾರ್ಕಿನ ಹುಲ್ಲು, ನಡುವೆ ಸುಮಾರು 50 ಮೀಟರ್ ಎತ್ತರದ ಐದಂತಸ್ತಿನ ಪಗೋಡ. ಗೋಡೆ ಎಲ್ಲಿ ಹೋಯಿತು?

ಕೋಫುಕುಜಿಯೂ, ಆಚೆ ಕಾಡಿನಂಚಿನಲ್ಲಿರುವ, ಜಪಾನಿನ ಮೂಲ ಧರ್ಮವಾದ ಶಿಂತೋದ ಕಾಸುಗಾ ಗುಡಿಯೂ ಫುಜಿವಾರ ಮನೆತನಕ್ಕೆ ಸೇರಿದ್ದವು. ನೂರಾರು ವರ್ಷ ಎರಡೂ ಒಟ್ಟಿಗೇ ನಡೆದವು. ಶಿಂತೋ ದೇವರು ಬುದ್ಧ, ಬೋಧಿಸತ್ವರದೇ ಇನ್ನೊಂದು ರೂಪ ಅನ್ನುವ ನಂಬಿಕೆ. ಭಿಕ್ಷುಗಳು ಗುಡಿಯ ಮುಂದೆ ಸೂತ್ರ ಪಠಿಸುತ್ತಿದ್ದರು. ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

1868ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಆಳುವ ಮೇಜಿ ಸರ್ಕಾರ ಬಂತು. ಚಕ್ರವರ್ತಿ ದೇವರ ವಂಶದವನು ಅಂತ ಸಾರಲು ಅದಕ್ಕೆ ಶುದ್ಧ ಶಿಂತೋ ಬೇಕಿತ್ತು. ಬುದ್ಧನನ್ನೂ ದೇವರನ್ನೂ ಬೇರೆ ಮಾಡಿ ಎಂದು ಆಜ್ಞೆ ಹೊರಡಿಸಿತು. ಕೋಫುಕುಜಿಯ ಭಿಕ್ಷುಗಳು ಸಾಲುಸಾಲಾಗಿ ಕಾಸುಗಾದ ಪೂಜಾರಿಗಳಾದರು. ನನಗೆ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ದೇಗುಲದ ಜಮೀನು ಸರ್ಕಾರದ ಪಾಲಾಯಿತು. ಪೌಳಿ ಕೆಡವಿದರು. 1880ರಲ್ಲಿ ಆ ಜಾಗವೇ ನಾರಾ ಪಾರ್ಕ್ ಆಯಿತು. ಪಗೋಡವನ್ನೂ ಮಾರಾಟಕ್ಕಿಟ್ಟಿದ್ದರಂತೆ. ಬೆಲೆ ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಉಳಿದ ಮೂರ್ತಿಗಳು ಮ್ಯೂಸಿಯಂನಲ್ಲಿವೆ. 734ರ ಅಶುರ ಅಲ್ಲಿನ ರಾಜ. ಮೂರು ಮುಖ, ಆರು ಕೈ. ಭಾರತದಿಂದ ಹೊರಟ ಅಸುರನೇ ಇವನು. ಆದರೆ ಕೋರೆಹಲ್ಲಿಲ್ಲ, ಅಬ್ಬರವಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಏನೋ ಯೋಚಿಸುತ್ತಿರುವ ಹುಡುಗನ ಹಾಗಿದ್ದಾನೆ. ನಾರಾದಲ್ಲಿ ಸಮಯ ಕಮ್ಮಿ ಇದ್ದರೆ ಬೇರೆಲ್ಲ ಬಿಟ್ಟು ಇವನನ್ನು ನೋಡಿ.

ಕಾಸುಗಾಕ್ಕೆ ಹೋಗುವ ದಾರಿಯುದ್ದಕ್ಕೂ ಪಾಚಿ ಹಿಡಿದ ಕಲ್ಲಿನ ದೀಪಗಳು. ನಡೆಯುತ್ತಾ 1889ರ ಸಂವಿಧಾನದ ಬಗ್ಗೆ ಯೋಚಿಸುತ್ತಿದ್ದೆ. ಅದು ಧರ್ಮದ ಸ್ವಾತಂತ್ರ್ಯ ಕೊಟ್ಟಿತು. ಆದರೆ ಶಿಂತೋ ಗುಡಿಗಳ ಆಚರಣೆ ಧರ್ಮವೇ ಅಲ್ಲ, ದೇಶದ ವಿಧಿ ಅಂತ ಸರ್ಕಾರ ವಾದಿಸಿತು. ಧರ್ಮ ಅಲ್ಲ ಅಂದಮೇಲೆ ಶಾಲಾಮಕ್ಕಳನ್ನು ಗುಡಿಗೆ ಕರೆದೊಯ್ದು ತಲೆಬಾಗಿಸಬಹುದಲ್ವಾ? ಜಾಣ ದಾರಿ. ಯುದ್ಧದಲ್ಲಿ ಸೋತ ಮೇಲೆ, 1945ರ ಡಿಸೆಂಬರಿನಲ್ಲಿ, ಅಮೆರಿಕನ್ನರ ಆಡಳಿತ ಗುಡಿಗಳಿಗೆ ಸರ್ಕಾರದ ಆಸರೆ ನಿಲ್ಲಿಸಿತು. 1947ರಲ್ಲಿ ಜಾರಿಗೆ ಬಂದ ಸಂವಿಧಾನ ಸರ್ಕಾರವನ್ನೂ ಧರ್ಮವನ್ನೂ ಬೇರೆ ಮಾಡಿತು.

ಅಷ್ಟೆಲ್ಲ ಆದರೂ ಪ್ರತಿ ಜನವರಿ 2ರಂದು ಕೋಫುಕುಜಿಯ ಭಿಕ್ಷುಗಳು ಕಾಸುಗಾಕ್ಕೆ ಹೋಗಿ ದೇವರ ಮುಂದೆ ಸೂತ್ರ ಪಠಿಸುತ್ತಾರೆ. ನಾನು ಹೋಗಿದ್ದು ನವೆಂಬರಿನಲ್ಲಿ. ಅದನ್ನು ನೋಡುವ ಆಸೆ ಇದ್ದವರು ಹೊಸ ವರ್ಷದ ಚಳಿಗೆ ತಯಾರಾಗಿ ಹೋಗಿ.