ಗ್ರುನೆವಾಲ್ಡ್ ಸ್ಟೇಷನ್ನಿನ 17ನೇ ಟ್ರ್ಯಾಕ್

ಬರ್ಲಿನ್‌ಗೆ ಹೋಗೋರು ಗ್ರುನೆವಾಲ್ಡ್ ಸ್ಟೇಷನ್ನಿನ 17ನೇ ಟ್ರ್ಯಾಕ್ ನೋಡ್ಲೇಬೇಕು. ಹಿಟ್ಲರನ ನಾಜಿ ಸರ್ಕಾರ ಬಲವಂತವಾಗಿ ಊರು ಬಿಡಿಸಿ ಸಾವಿನ ದಾರಿಗೆ ತಳ್ಳಿದ ಬರ್ಲಿನ್ನಿನ ಯೆಹೂದಿಗಳನ್ನ ತುಂಬ್ಕೊಂಡು ಮೊದಲ ರೈಲು 1941ರ ಅಕ್ಟೋಬರ್ 18ಕ್ಕೆ ಪೋಲೆಂಡಿನ ಲೋಡ್ಜ್ ಕಡೆ ಹೊರಟಿದ್ದು ಇಲ್ಲಿಂದ್ಲೇ. ಈಗ ಪ್ಲಾಟ್‌ಫಾರ್ಮ್ ಅಂಚಲ್ಲಿ 186 ಉಕ್ಕಿನ ಹಲಗೆ ಹಾಕಿದಾರೆ, ಒಂದೊಂದ್ರಲ್ಲೂ ತಾರೀಖು, ಎಷ್ಟು ಜನ, ಎಲ್ಲಿಗೆ, ಅಷ್ಟೇ. ಹಳಿ ಮಧ್ಯೆ ಗಿಡ ಬೆಳೆಯೋಕೆ ಬಿಟ್ಟಿದಾರೆ, ಇನ್ಯಾವತ್ತೂ ಇಲ್ಲಿಂದ ರೈಲು ಹೊರಡಲ್ಲ ಅಂತ.

ನನಗೆ ಕರುಳು ಹಿಂಡೋದು ಏನಂದ್ರೆ ಆಗಿನ ಸರ್ಕಾರಿ ರೈಲ್ವೆ ಈ ಜನಕ್ಕೆ ಥರ್ಡ್ ಕ್ಲಾಸ್ ಚಾರ್ಜ್ ಲೆಕ್ಕ ಹಾಕಿ ಬಿಲ್ ಮಾಡ್ತಿತ್ತು, ಮಕ್ಕಳಿಗೆ ಅರ್ಧ ಟಿಕೆಟ್, ಹಾಗಾಗಿ ಹಿಟ್ಲರ್ ಹೆಸರು ಹೇಳಿ ಕೈ ತೊಳ್ಕೊಳ್ಳೋಕಾಗಲ್ಲ, ಟೈಮ್‌ಟೇಬಲ್ ಹಾಕಿದ ಗುಮಾಸ್ತರೂ ಇದ್ರಲ್ಲಿದ್ರು. 1998ರಲ್ಲಿ ಈ ಸ್ಮಾರಕ ಮಾಡಿಸಿದ್ದು ಇವತ್ತಿನ ಜರ್ಮನ್ ರೈಲ್ವೆ ಡಾಯ್ಚ ಬಾನ್. ತುಂಬಾ ತಡ ಆಯ್ತು, ಆದ್ರೂ ಮಾಡಿದ್ರಲ್ಲ. ಶಾಲೆ ಪಾಠದಲ್ಲಿ ಆ ಬಿಲ್ಲುಗಳ ವಿಷಯಾನೂ ಬರ್ಬೇಕು.