ಶನಿವಾರದ ಕ್ಲಾಸು ಬುಧವಾರವೇ ಶುರು

ನಮ್ಮ ಅಂಗಡಿಯ ಎರಡು ದಿನದ ಮರಗೆಲಸದ ಕ್ಲಾಸಿಗೆ ಆರು ಜನಕ್ಕಿಂತ ಹೆಚ್ಚು ತಗೊಳ್ಳುವುದಿಲ್ಲ. ಮೂರು ಬೆಂಚು, ಬೆಂಚಿಗೆ ಇಬ್ಬರು. ಕಲಿಯಲು ಬಂದವರು ಭಾನುವಾರ ಸಂಜೆ ಒಂದೊಂದು ಮಣೆ ಹಿಡಿದುಕೊಂಡು ಮನೆಗೆ ಹೋಗಬೇಕು ಅನ್ನುವುದು ಲೆಕ್ಕ. ಊಟಕ್ಕೋ ಪೂಜೆಗೋ ಕೂಡುವ ಸಾದಾ ಮಣೆ: 18 ಇಂಚು ಉದ್ದ, 12 ಇಂಚು ಅಗಲ, 1 ಇಂಚು ದಪ್ಪ, ಕೆಳಗೆ 2 ಇಂಚು ಎತ್ತರದ ಎರಡು ಅಡ್ಡಗಾಲು. "ಇಷ್ಟ ಏನ್ರಿ, ಎರಡು ದಿನ ಯಾಕ ಬೇಕು?" ಅಂತ ಫೋನಿನಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಎರಡು ದಿನ ಅವರಿಗೆ. ಅಂಗಡಿಗೆ ಇದು ಐದು ದಿನದ ಕೆಲಸ.

ಮೊದಲು ಮರದ ಲೆಕ್ಕ. ತಯಾರಾದ ಮಣೆಯಲ್ಲಿ ಇರುವುದು ಹೆಚ್ಚುಕಡಿಮೆ 0.16 ಘನ ಅಡಿ ಸಾಗವಾನಿ. ಆದರೆ ಒರಟು ಅಳತೆಯಲ್ಲಿ ಹಲಗೆಯನ್ನು 19×13×1¼ ಇಂಚು, ಕಾಲುಗಳನ್ನು 13×2¼×1½ ಇಂಚು ಹಿಡಿಯಬೇಕು. ಅಲ್ಲಿಗೆ 0.23 ಆಯಿತು. ಆರು ಜನಕ್ಕೆ ಎಂಟು ಮಣೆಯ ಮರ ತಯಾರಿರಬೇಕು, ಏಕೆಂದರೆ ಒಬ್ಬರಾದರೂ ಗೆರೆಯ ತಪ್ಪು ಪಕ್ಕಕ್ಕೆ ಗರಗಸ ಹಚ್ಚುವುದು ಖಾತ್ರಿ. ಒಟ್ಟು 2 ಘನ ಅಡಿಗೆ ಒಂಚೂರು ಕಡಿಮೆ.

ದುಂಡು ದಿಮ್ಮಿ ಕೊಳ್ಳುವವರು ಇನ್ನೊಂದು ಲೆಕ್ಕ ಗೊತ್ತಿಟ್ಟುಕೊಳ್ಳಬೇಕು. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು ವ್ಯಾಪಾರದ ರೂಢಿ. 48 ಇಂಚು ಸುತ್ತಳತೆ, 8 ಅಡಿ ಉದ್ದ ಇದ್ದರೆ 12×12×8÷144, ಅಂದರೆ 8 ಘನ ಅಡಿ. ದಿಮ್ಮಿಯಲ್ಲಿ ನಿಜವಾಗಿ ಇರುವುದು 10ಕ್ಕೂ ಮೇಲೆ. ಕೊಳ್ಳುವವನಿಗೆ ಲಾಭ ಅಂತ ಹಿಗ್ಗಬೇಡಿ. ಆ ಹೆಚ್ಚಿನ ಎರಡು ಅಡಿ ಸಾ ಮಿಲ್ಲಿನಲ್ಲಿ ಹೊರಪದರವಾಗಿ, ಹೊಟ್ಟಾಗಿ ಹೋಗುತ್ತದೆ. ದಾಂಡೇಲಿ, ಕಿರವತ್ತಿಯ ಸರಕಾರಿ ಮರದ ಡಿಪೋದ ಮಾಲಾಗಲಿ, ಯಾರದೋ ಹೊಲದ ಬದುವಿನ ಸಾಗವಾನಿಯಾಗಲಿ, ಸಾಗಾಟದ ಪಾಸು ಇಲ್ಲದೆ ಗಾಡಿಗೆ ಹಾಕಿಸಬಾರದು. ಕಟ್ ಮಾಡಿಸಿದ ಹಲಗೆ ತಗೊಳ್ಳುವಾಗ ಅಂಚಿನ ಬಿಳಿ ಭಾಗ ಎಷ್ಟಿದೆ ನೋಡಿ. ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಹುಳ ಬಾಯಿ ಹಾಕುವುದಿಲ್ಲ. ಬಿಳಿ ಭಾಗವನ್ನು ಬಿಡುವುದಿಲ್ಲ.

ಇನ್ನು ತೇವ. ಕ್ಲಾಸಿನಲ್ಲಿ ಹೇಳುವುದರಲ್ಲಿ ಅರ್ಧ ಇದೇ, ಅಂಗಡಿಯ ದೂರುಗಳಲ್ಲಿ ಮುಕ್ಕಾಲು ಇದರದೇ. ಮರ ತನ್ನ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇ 40ರ ಆಸುಪಾಸು ಇದ್ದರೆ ಮರ ಕೊನೆಗೆ ಶೇ 7–8ಕ್ಕೆ ಬಂದು ನಿಲ್ಲುತ್ತದೆ. ಶೇ 80 ಇದ್ದರೆ 16ರ ಹತ್ತಿರ. ಧಾರವಾಡದ ಏಪ್ರಿಲ್ಲಿಗೂ ಜಿಟಿಜಿಟಿ ಹಿಡಿದ ಜುಲೈಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ. 12 ಇಂಚು ಅಗಲದ ಸಾಗವಾನಿ ಹಲಗೆ, ಅದೂ ದಿಮ್ಮಿಯ ಹೊರಮೈಗೆ ಸಮನಾಗಿ ಕೊಯ್ದದ್ದು, ಈ ಎರಡು ತುದಿಗಳ ನಡುವೆ 4 ಮಿಲಿಮೀಟರಿಗೂ ಮೇಲೆ ಆಡುತ್ತದೆ. ತಿರುಳಿನ ಕಡೆಯಿಂದ ಹೊರಕ್ಕೆ ಕೊಯ್ದ ಹಲಗೆಯಾದರೆ ಸುಮಾರು ಎರಡೂವರೆ. ಉದ್ದಕ್ಕೆ ಮಾತ್ರ ಲೆಕ್ಕಕ್ಕೆ ಬರುವಷ್ಟು ಆಡುವುದಿಲ್ಲ. ಮಳೆಗಾಲದಲ್ಲಿ ಧಾರವಾಡದಲ್ಲಿ ಬಿಗಿಯಾಗಿ ಕೂಡಿಸಿದ ಬಾಗಿಲು ಗದಗಿನ ಒಣ ಗಾಳಿಗೆ ಹೋಗಿ ಮಾರ್ಚಿನಲ್ಲಿ ಸಂದು ಬಿಟ್ಟರೆ ಬಡಿಗನನ್ನು ಬೈಯಬೇಡಿ ಅನ್ನಲಾರೆ, ಬೈಯಿರಿ; ಅದು ಅವನಿಗೆ ಮೊದಲೇ ಗೊತ್ತಿರಬೇಕಿತ್ತು.

ಪಿನ್ ಚುಚ್ಚುವ ತೇವದ ಮೀಟರು ಇದ್ದರೆ ಹಲಗೆಯ ತುದಿಯಲ್ಲಿ ಚುಚ್ಚಿ ನೋಡಿ ಸಮಾಧಾನ ಪಡಬಾರದು, ತುದಿ ಯಾವಾಗಲೂ ಮೊದಲು ಒಣಗಿರುತ್ತದೆ. ತುದಿಯಿಂದ ಒಂದಡಿ ಒಳಗೆ ಕತ್ತರಿಸಿ, ಹೊಸ ಮುಖದ ನಟ್ಟನಡುವೆ ಚುಚ್ಚಬೇಕು. ಮೀಟರಿಲ್ಲದವರಿಗೆ ಅಡುಗೆಮನೆಯ ತಕ್ಕಡಿ ಸಾಕು. ಅಲ್ಲಿಂದಲೇ ಒಂದಿಂಚಿನ ತುಂಡು ಕತ್ತರಿಸಿ ತೂಗಿ, 100 ಡಿಗ್ರಿಗಿಂತ ಚೂರು ಮೇಲಿಟ್ಟ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಹಸಿ ತೂಕ 120 ಗ್ರಾಂ, ಒಣ ತೂಕ 106 ಇದ್ದರೆ ಕಳೆದುಹೋದ 14ನ್ನು 106ರಿಂದ ಭಾಗಿಸಿ: ಶೇ 13. ಮಣೆಗೆ 12ರ ಒಳಗಿರಬೇಕು ಅನ್ನುವುದು ನಮ್ಮ ಅಂಗಡಿಯ ಗಡಿ. ಹೊಸ ಹಲಗೆಯನ್ನು ನೆರಳಿನಲ್ಲಿ, ಹಲಗೆ ಹಲಗೆ ನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು, ಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ ಮೇಲಿಂದ ಕೆಳಗೆ ನೇರ ಸಾಲಿನಲ್ಲಿ ಜೋಡಿಸಿ, ತುದಿಗಳಿಗೆ ಹಳೇ ಪೇಂಟು ಬಳಿದು ಪೇರಿಸಬೇಕು. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವ ಹಳೇ ಮಾತು ನಮ್ಮ ಬಿಸಿಲಿಗೆ ಸ್ವಲ್ಪ ಹೆಚ್ಚೇ, ಆದರೆ ಅವಸರ ಮಾಡಿಸುವ ಗಿರಾಕಿಗೆ ಹೇಳಲು ಚೆನ್ನಾಗಿದೆ.

ಒಂದೇ ಹಲಗೆಯಲ್ಲಿ 12 ಇಂಚು ಅಗಲ ಸಿಕ್ಕುವುದು ಅಪರೂಪ. ಹಾಗಾಗಿ 6½ ಇಂಚಿನ ಎರಡು ಪಟ್ಟಿ ಅಂಚಿಗೆ ಅಂಚು ಅಂಟಿಸುತ್ತೇವೆ, ಬುಧವಾರದ ಕೆಲಸ ಇದು. ಸಾಗವಾನಿಯ ಮೈಯಲ್ಲಿ ಎಣ್ಣೆಯಂಶ ಇರುವುದರಿಂದ ರಂದಾ ಹೊಡೆದು ಮೈ ಹೆರೆದ ದಿನವೇ ಅಂಟಿಸಬೇಕು. ನಾಳೆ ನೋಡೋಣ ಅಂತ ಬಿಟ್ಟರೆ ಫೇವಿಕಾಲ್ ಹಿಡಿಯುವುದು ಕಮ್ಮಿ. ಬಿಟ್ಟಿದ್ದರೆ ಅಂಚಿಗೆ ಮತ್ತೆ ಒಂದೆಳೆ ರಂದಾ, ಇಲ್ಲವೇ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸು. ಗುರುವಾರ ಪಟ್ಟಿಗಳನ್ನು ಒತ್ತಿ ಹಿಡಿದ ಕ್ಲಾಂಪ್ ಬಿಚ್ಚಿದರೂ ಅವತ್ತೇ ಮೈ ಸಪಾಟು ಮಾಡುವಂತಿಲ್ಲ. ಅಂಟಿನ ನೀರು ಕುಡಿದು ಕೂಡುಗೆರೆಯ ಎರಡೂ ಬದಿ ಉಬ್ಬಿರುತ್ತದೆ. ಆ ಉಬ್ಬನ್ನು ರಂದಾ ಹೊಡೆದು ತೆಗೆದರೆ, ವಾರದ ಮೇಲೆ ಮರ ಒಣಗಿ, ಉಗುರು ಆಡಿಸಿದರೆ ಸಿಗುವಂಥ ಸಣ್ಣ ಕಾಲುವೆ ಅಲ್ಲೇ ಬೀಳುತ್ತದೆ. ಅದಕ್ಕೇ ಶುಕ್ರವಾರದವರೆಗೆ ಕಾಯುವುದು. ಇದರ ಬಿಸಿ ಮಾಮೂಲಿ ಆರ್ಡರುಗಳಿಗೆ ತಟ್ಟುತ್ತದೆ. ಬುಧವಾರ ಇರುವ ಕ್ಲಾಂಪೆಲ್ಲ ಮಣೆಗಳಿಗೆ ಹೋಗುವುದರಿಂದ ಆ ದಿನ ಕಿಟಕಿ, ದೇವರ ಮಂಟಪ ಯಾವುದನ್ನೂ ಕೂಡಿಸುವಂತಿಲ್ಲ. ಕೊಯ್ಯುವ, ತೂತು ಹಾಕುವ ಕೆಲಸ ಇಟ್ಟುಕೊಳ್ಳಬೇಕು.

ಶುಕ್ರವಾರ ಸಂಜೆ ಹನ್ನೆರಡು ಉಳಿ, ನಾಲ್ಕು ರಂದಾ ಅಲಗಿಗೆ ಸಾಣೆ. ಸಾಗವಾನಿಯಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಅಲಗು ಬೇರೆ ಮರಕ್ಕಿಂತ ಬೇಗ ಮೊಂಡಾಗುತ್ತದೆ. ಆದರೂ ಶನಿವಾರ ಬೆಳಿಗ್ಗೆ ಮೊದಲ ಒಂದೂವರೆ ತಾಸು ಕಲಿಯುವವರ ಕೈಯಲ್ಲಿ ಒಂದೊಂದು ಮೊಂಡ ಉಳಿಯನ್ನೇ ಕೊಡುತ್ತೇವೆ. ಮುಖ ಸಪ್ಪಗಾಗುತ್ತದೆ, ಕಟ್ಟಿಗೆ ಮುಟ್ಟಲು ಬಂದವರಿಗೆ ಕಲ್ಲು ಕೊಟ್ಟರೆ ಇನ್ನೇನಾಗುತ್ತದೆ. ಮೊದಲು ಉಳಿಯ ಬೆನ್ನು, ಕೊನೆಯ ಒಂದಿಂಚಾದರೂ ಕನ್ನಡಿಯಂತೆ ಸಪಾಟಾಗಬೇಕು. ಆಮೇಲೆ ಇಳಿಜಾರು. ಕೋನ ಅಳೆಯುವ ಉಪಕರಣ ಬೇಕಿಲ್ಲ: ಅಲಗು 4 ಮಿ.ಮೀ. ದಪ್ಪ ಇದ್ದರೆ ಇಳಿಜಾರಿನ ಉದ್ದ 8 ಮಿ.ಮೀ. ಬಂದಾಗ 30 ಡಿಗ್ರಿ, ಒಂಬತ್ತೂವರೆ ಬಂದಾಗ 25 ಡಿಗ್ರಿ. ನಾವು 25ಕ್ಕೆ ಮಾಡಿ, ತುದಿಗೆ ಮಾತ್ರ 30ರಲ್ಲಿ ನಾಲ್ಕಾರು ಸಲ ಉಜ್ಜುತ್ತೇವೆ. ಒಳ್ಳೇ ಸಾಣೆಕಲ್ಲು ಕೊಳ್ಳುವ ಮುಂಚೆ ದಪ್ಪ ಗಾಜಿನ ಮೇಲೆ 220, 400, 800, 1500 ನಂಬರಿನ ನೀರಿನ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಜ್ಜುಕಾಗದ, ಅಂಟಿಸಿಕೊಂಡರೂ ನಡೆಯುತ್ತದೆ. ಒಂದು ನಂಬರಿನಿಂದ ಮುಂದಿನದಕ್ಕೆ ಹೋಗುವ ಗುರುತು ಒಂದೇ. ಬೆನ್ನಿನ ಕಡೆ ಬೆರಳು ಆಡಿಸಿದರೆ ಅಲಗಿನ ಈ ತುದಿಯಿಂದ ಆ ತುದಿಯವರೆಗೆ ಸಣ್ಣ ಕೊಂಕು ತಾಗಬೇಕು. ನಡುವೆ ತಾಗಿ ಮೂಲೆಯಲ್ಲಿ ತಾಗದಿದ್ದರೆ ಆ ಮೂಲೆ ಇನ್ನೂ ಮೊಂಡೇ. ಹೆಚ್ಚಿನವರು ತಪ್ಪುವುದು ಇಲ್ಲೇ, ಕೈಯನ್ನು ಉಯ್ಯಾಲೆ ಆಡಿಸಿ ಇಳಿಜಾರನ್ನು ಹೊಟ್ಟೆ ಬಂದಂತೆ ದುಂಡಗೆ ಮಾಡಿಬಿಡುತ್ತಾರೆ. ಪರೀಕ್ಷೆಗೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತುಂಡಿನ ತುದಿಮುಖ. ಮೆತ್ತನೆ ಮರದ ತುದಿಯನ್ನು ಪುಡಿ ಮಾಡದೆ, ಹೊಳಪು ಬಿಡುವಂತೆ ಕೊಯ್ದರೆ ಉಳಿ ತಯಾರು.

ಈಗ ಮಣೆಯ ಮುಖ್ಯ ಸಂಗತಿ. ಹಲಗೆಯ ನಾರು ಉದ್ದಕ್ಕೆ, ಅಡ್ಡಗಾಲಿನ ನಾರು ಅದಕ್ಕೆ ಅಡ್ಡ. ಹಲಗೆ ಅಗಲಕ್ಕೆ ಆಡುತ್ತದೆ, ಕಾಲು ಅದೇ ದಿಕ್ಕಿನಲ್ಲಿ ಆಡುವುದಿಲ್ಲ. ಕಾಲಿಗೆ ಉದ್ದಕ್ಕೂ ಫೇವಿಕಾಲ್ ಬಳಿದು ನಾಲ್ಕು ಮೊಳೆ ಹೊಡೆದರೆ ಮಳೆಗಾಲದಲ್ಲಿ ಮಾಡಿದ ಮಣೆ ಯುಗಾದಿ ಹೊತ್ತಿಗೆ ಟಪ್ ಅಂತ ಸೀಳುತ್ತದೆ. ಹಳೇ ಮನೆಗಳ ಮಣೆ ತಿರುವಿ ಹಾಕಿ ನೋಡಿ. ಚೆನ್ನಾಗಿ ಉಳಿದವುಗಳಲ್ಲಿ ಕಾಲು ಒಂದು ಕಾಲುವೆಯೊಳಗೆ ಜಾರಿಸಿ ಕೂರಿಸಿದ್ದಿರುತ್ತದೆ, ಕಾಲುವೆಯ ಬಾಯಿ ಕಿರಿದು, ತಳ ಅಗಲ.

ನಾವು ಹಾಕಿಸುವ ಅಳತೆ ಹೀಗೆ. ಹಲಗೆಯ ಎರಡೂ ತುದಿಯಿಂದ 3 ಇಂಚು ಬಿಟ್ಟು ಕಾಲುವೆ, ಆಳ 8 ಮಿ.ಮೀ., ಬಾಯಿ 24, ತಳ ಸುಮಾರು 26½. ಅಂದರೆ ಒಂದೊಂದು ಬದಿಗೂ ಆರಕ್ಕೆ ಒಂದರ ಓರೆ. ಅದೇ ಓರೆಯಲ್ಲಿ ಅಂಚು ಕೊಯ್ದ ಒಂದು ಮರದ ತುಂಡನ್ನು ಗೆರೆಗೆ ಕ್ಲಾಂಪ್ ಮಾಡಿ, ಗರಗಸದ ಮೈಯನ್ನು ಅದಕ್ಕೆ ಒರಗಿಸಿಕೊಂಡು ಕೊಯ್ಯಬೇಕು. "ಹಂಗ ಒತ್ತಬ್ಯಾಡ್ರಿ ಅಕ್ಕಾರ, ಗರಗಸಕ್ಕ ಹಲ್ಲು ಅದಾವ, ತಾನ ತಿಂತೈತಿ" ಅಂತ ದಿನಕ್ಕೆ ಹತ್ತು ಸಲ ಹೇಳುವುದು ಇಲ್ಲೇ. ಒತ್ತಿದರೆ ಗರಗಸ ಬಾಗಿ ಓರೆ ಕೆಡುತ್ತದೆ. ನಡುವಿನ ಮರವನ್ನು ಉಳಿಯಿಂದ ಎರಡೂ ಅಂಚಿನಿಂದ ಒಳಮುಖವಾಗಿ ತೆಗೆಯಬೇಕು. ಒಂದೇ ಕಡೆಯಿಂದ ಹೊಡೆದುಕೊಂಡು ಹೋದರೆ ಆಚೆ ಅಂಚಿನ ಮರ ಕಿತ್ತು ಬರುತ್ತದೆ. ಕೊಡತಿ ಜಾಲಿಯದ್ದು, ಹಿಡಿತ ಸಡಿಲ.

ಕಾಲುವೆಯ ಒಂದು ತುದಿ ಇನ್ನೊಂದಕ್ಕಿಂತ 1 ಮಿ.ಮೀ. ಅಗಲ ಇರಲಿ. ಕಾಲಿಗೂ ಅದೇ ಇಳಿತ. ಆಗ ಕಾಲು ಅಗಲದ ಕಡೆಯಿಂದ ಕೈಯಲ್ಲೇ ಸಲೀಸಾಗಿ ಹೋಗಿ, ಕೊನೆಯ ಎರಡಿಂಚಿಗೆ ಮಾತ್ರ ಕೊಡತಿ ಕೇಳುತ್ತದೆ. ಮೊದಲಿನಿಂದಲೇ ಬಿಗಿ ಇದ್ದರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಹೊರಗೂ ಬರುವುದಿಲ್ಲ. ಎಲ್ಲಿ ತಾಗುತ್ತಿದೆ ಅಂತ ತಿಳಿಯಲು ಕಾಲಿನ ಓರೆಗೆ ಪೆನ್ಸಿಲ್ ಗೀಚಿ ಒಮ್ಮೆ ತೂರಿಸಿ ತೆಗೆಯಿರಿ. ಹೊಳಪು ಬಂದ ಜಾಗದಲ್ಲಷ್ಟೇ ಒಂದೆಳೆ ಕೆರೆಯಿರಿ. ಫೇವಿಕಾಲ್ ಹಾಕುವುದು ನಟ್ಟನಡುವಿನ ಒಂದೂವರೆ ಇಂಚಿಗೆ ಮಾತ್ರ. ಆಗ ಹಲಗೆ ಎರಡೂ ಕಡೆಗೆ ಸಮನಾಗಿ ಆಡುತ್ತದೆ. ಇನ್ನೊಂದು: ಕಾಲು ಹಲಗೆಯ ಅಗಲಕ್ಕಿಂತ ಎರಡೂ ಬದಿ 5 ಮಿ.ಮೀ. ಗಿಡ್ಡ ಇರಬೇಕು. ಸಮ ಮಾಡಿದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿ ಕಾಲಿನ ತುದಿ ಹೊರಗೆ ಚಾಚಿಕೊಂಡು ನಿಂತಿರುತ್ತದೆ.

ಭಾನುವಾರ ಮಧ್ಯಾಹ್ನ ರಂದಾ. ಮೇಲ್ಮೈಯಲ್ಲಿ ಸಿಬಿರು ಎದ್ದರೆ ಹಲಗೆ ತಿರುಗಿಸಿ ಇನ್ನೊಂದು ದಿಕ್ಕಿನಿಂದ ಹೊಡೆಯಬೇಕು. ಅಂಟಿಸುವಾಗಲೇ ಎರಡು ಪಟ್ಟಿಯ ನಾರು ಒಂದೇ ದಿಕ್ಕಿಗೆ ಇಟ್ಟಿದ್ದರೆ ಕೆಲಸ ಸುಲಭ. ಇಡದಿದ್ದರೆ ತಪ್ಪು ಬುಧವಾರದ್ದು, ಕಲಿಯುವವರದ್ದಲ್ಲ. ಸಾಗವಾನಿ, ಬೀಟೆಯ ಪುಡಿ ಕೆಲವರ ಗಂಟಲಿಗೆ, ಚರ್ಮಕ್ಕೆ ಆಗಿಬರುವುದಿಲ್ಲ, ಮಾಸ್ಕು ಕಡ್ಡಾಯ. ಟೇಬಲ್ ಗರಗಸದ ಹತ್ತಿರ ಎರಡು ದಿನದ ಕ್ಲಾಸಿನವರನ್ನು ಬಿಡುವುದೇ ಇಲ್ಲ, ಎಷ್ಟು ಕೇಳಿದರೂ.

ಕೊನೆಗೆ ಅಗಸಿ ಎಣ್ಣೆ, ನಮ್ಮ ಊಟದ ಅಗಸಿ ಹಿಂಡಿಯ ಅದೇ ಅಗಸಿ. ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಪೇಂಟಿನಂಗಡಿಯಲ್ಲಿ ಸಿಗುವ ಬೇಯಿಸಿದ ಎಣ್ಣೆಯಾದರೆ ಒಂದೆರಡು ದಿನ. ತೆಳ್ಳಗೆ ಹಚ್ಚಿ, ಕಾಲು ತಾಸು ಬಿಟ್ಟು, ಹೀರದೆ ಉಳಿದದ್ದನ್ನು ಪೂರ್ತಿ ಒರೆಸಬೇಕು. ಬಿಟ್ಟರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಚೀಲಕ್ಕೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗಲಾರದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಅಂಗಡಿಯ ಹಿಂದಿನ ತಂತಿಗೆ ಒಂದೊಂದೇ ಬಟ್ಟೆಯನ್ನು ಹರಡಿ ಹಾಕಿ, ಬಿರುಸಾಗಿ ಗಟ್ಟಿಯಾದ ಮೇಲೆ ಕಸಕ್ಕೆ. ಭಾನುವಾರ ರಾತ್ರಿ ಬಾಗಿಲು ಹಾಕುವ ಮುಂಚೆ ತಂತಿಯ ಮೇಲೆ ಆರು ಬಟ್ಟೆ ಇವೆಯೇ ಅಂತ ಎಣಿಸಿಯೇ ಬೀಗ ಹಾಕುವುದು.