ಬೋಗಿಗಿಂತ ಕಿಟಕಿ ಕಷ್ಟ

ಮಾದರಿ ರೈಲಿನ ಬೋಗಿ ಎಂದರೆ ಉದ್ದನೆಯ ಪೆಟ್ಟಿಗೆ, ಮಾಡುವವನ ಪಾಡೆಲ್ಲ ಕಿಟಕಿಯಲ್ಲೇ. ಇದು ನನಗೆ ಖಾತ್ರಿಯಾದದ್ದು ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಿಂದಿನ ಗಲ್ಲಿಯ ಲೇಸರ್ ಕಟಿಂಗ್ ಅಂಗಡಿಯೊಂದರಲ್ಲಿ, ಒಂದು ಶನಿವಾರ.

ನಾನು ಮಾಡುತ್ತಿರುವುದು ಮೀಟರ್ ಗೇಜಿನ, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ದಾರಿಯ, ಎರಡನೇ ದರ್ಜೆಯ ಬೋಗಿ. ಬ್ರಾಡ್ ಗೇಜ್ ಬರುವ ಮೊದಲು ಬೆಂಗಳೂರು–ಮೈಸೂರು ನಡುವೆ ಓಡುತ್ತಿದ್ದಂಥದ್ದು, ಇಟ್ಟಿಗೆ ಕೆಂಪಿನದು. ದೊಡ್ಡ ಮಾದರಿ ರೈಲುಗಳಲ್ಲಿ ಹಳಿಗಳ ನಡುವಿನ ಅಂತರ 45 ಮಿ.ಮೀ. ಅದನ್ನು ಮೀಟರ್ ಗೇಜ್ ಎಂದುಕೊಂಡರೆ ಉಳಿದದ್ದೆಲ್ಲ ಸುಮಾರು 22.5ರಲ್ಲಿ ಒಂದು ಪಾಲಾಗಬೇಕು. ಜರ್ಮನಿಯ ಮಾದರಿ ರೈಲು ಕಂಪನಿ ಎಲ್‌ಜಿಬಿ 1968ರಲ್ಲಿ ಇದೇ ಲೆಕ್ಕ ಹಿಡಿದು ರೈಲು ಮಾರತೊಡಗಿತು. ಅಸಲಿ ಬೋಗಿ ಸುಮಾರು ಹತ್ತೊಂಬತ್ತೂವರೆ ಮೀಟರ್, ನನ್ನದು 87 ಸೆಂ.ಮೀ. ತಾರಸಿಯಲ್ಲಿ ಹಾಸಿದ ಹಳಿಯ ತಿರುವಿನಲ್ಲಿ ಇಷ್ಟುದ್ದ ತಿರುಗದೆಂದು ಹಲವರು ಬೋಗಿಯನ್ನೇ ಮೊಟಕು ಮಾಡುತ್ತಾರೆ. ನನಗದು ಒಗ್ಗುವುದಿಲ್ಲ. ಮೊದಲ ಒಗೆತಕ್ಕೇ ಕುಗ್ಗಿದ ಅಂಗಿಯಂತೆ ಕಾಣುತ್ತದೆ. ತಿರುವನ್ನೇ ದೊಡ್ಡದು ಮಾಡಿದರಾಯಿತು.

ಎರಡು ಮಿಲಿಮೀಟರ್ ಅಕ್ರಿಲಿಕ್ ಹಾಳೆಯಲ್ಲಿ ಕಿಟಕಿಗಳ ಸಾಲು ಕತ್ತರಿಸಿ ಮುಗಿದಾಗ ನನ್ನ ಟೀ ಇನ್ನೂ ಆರಿರಲಿಲ್ಲ. ಅಂಗಡಿಯ ಹುಡುಗ ಹಾಳೆ ಕೈಗಿಡುತ್ತಾ, “ಕ್ಲೋರೋಫಾರಂ ಹಾಕಿ ಅಂಟಿಸುತ್ತೀರಾ ಸಾರ್?” ಎಂದ. ಹೌದೆಂದೆ, ಅಕ್ರಿಲಿಕ್ ಕೆಲಸದವರು ಬಳಸುವುದು ಅದನ್ನೇ. “ಹಾಗಾದರೆ ಕತ್ತರಿಸಿದ ಅಂಚಿಗೆ ತಾಗಿಸಬೇಡಿ, ಬಿರುಕು ಬಿಡುತ್ತದೆ.” ಲೇಸರಿನ ಶಾಖಕ್ಕೆ ಅಂಚಿನಲ್ಲಿ ಬಿಗಿತ ಉಳಿದಿರುತ್ತದೆ, ದ್ರಾವಕ ಸೋಕಿದೊಡನೆ ಅಲ್ಲಿ ಕೂದಲೆಳೆಯ ಸೀಳುಗಳು ಮೂಡುತ್ತವೆ. ಕಿಟಕಿಯಲ್ಲಿ ಅಂಚು ಬಿಟ್ಟರೆ ಇನ್ನೇನಿದೆ? ಕಿಟಕಿಯ ಕಂಬಿಗಳಿಗೆ ಅರಾಲ್ಡೈಟ್ ಅಂಟೇ ಗತಿಯಾಯಿತು.

ಕಂಬಿಗೆ ಅರ್ಧ ಮಿಲಿಮೀಟರಿನ ಹಿತ್ತಾಳೆ ತಂತಿ. ಅಸಲಿನ ಲೆಕ್ಕದಲ್ಲಿ 11 ಮಿ.ಮೀ. ದಪ್ಪದ ಸರಳು. ಸುರುಳಿಯಿಂದ ಬಿಚ್ಚಿದ ತಂತಿಯನ್ನು ಬೆರಳಿನಿಂದ ತೀಡಿದರೆ ಸಣ್ಣ ಅಲೆಗಳು ಉಳಿದೇ ಬಿಡುತ್ತವೆ. ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಒಂದೇ ಸಮನೆ ಎಳೆಯಬೇಕು. ಬಿಗಿಯುತ್ತಾ ಬಿಗಿಯುತ್ತಾ ತಂತಿ ಇದ್ದಕ್ಕಿದ್ದಂತೆ ಸೋತು ಕೊಂಚ ಹಿಗ್ಗಿದ್ದು ಕೈಗೆ ತಿಳಿಯುತ್ತದೆ. ಆಮೇಲೆ ತುಂಡರಿಸಿ ಗಾಜಿನ ಮೇಲೆ ಉರುಳಿಸಿದರೆ ಎಲ್ಲೂ ಕುಣಿಯದೆ ಉರುಳುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣವೆಂದರೆ ಇದೇ, ಬಣ್ಣ ಹೊಡೆಯುವುದೂ ಅಲ್ಲ.

ಸಂಜೆ ಸೋದರಮಾವ ಬಂದರು. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿ ನಿವೃತ್ತರಾದವರು, ಹೊಗಳುವುದು ಅವರ ಜಾಯಮಾನವಲ್ಲ. “ಎಲ್ಲ ಕಿಟಕಿಗೂ ಕಂಬಿ ಬಡಿದೀಯೆ. ತುರ್ತು ಕಿಟಕಿ ಎಲ್ಲಿಯೋ?” ಕಂಬಿಯಿಲ್ಲದೆ ಬಿಟ್ಟದ್ದನ್ನು ತೋರಿಸಿದೆ. ಬೋಗಿಯ ತುದಿಯಲ್ಲಿ ಗುದ್ದು ತಡೆಯುವ ಬಫರ್ ಎರಡು ಯಾಕಿಲ್ಲವೆಂದು ಪಕ್ಕದ ಮನೆಯ ಹುಡುಗ ಕೇಳಿದ್ದಕ್ಕೆ ಅವರೇ, “ಮೀಟರ್ ಗೇಜಿಗೆ ನಡುವೆ ಒಂದೇ ಕಣೋ” ಎಂದರು. ನಾನು ಗೆದ್ದೆನೆಂದುಕೊಂಡೆ.

“ಸೀಟು ಯಾವುದು, ಹಲಗೆಯೋ ಫೋಮೋ?”

“ಇನ್ನೂ ಯೋಚಿಸಿಲ್ಲ ಮಾವ.”

“ಹಾಗಾದರೆ ನಿನ್ನ ಬೋಗಿಯ ಇಸವಿ ಯಾವುದು?”

1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಎರಡನೇ ದರ್ಜೆಯ ಮಲಗುವ ಹಲಗೆಗಳಿಗೆ ಎರಡಂಗುಲ ಫೋಮ್ ಹಾಕಿಸತೊಡಗಿದರು. ಇಸವಿ ಹೇಳದೆ ಸೀಟು ಮಾಡುವಂತಿಲ್ಲ ಎಂದು ಮಾವ ಪಟ್ಟು ಹಿಡಿದರು. ಊಟ ಮುಗಿಯುವವರೆಗೂ ವಾದ ನಡೆದು ಕೊನೆಗೆ 1975 ಎಂದು ತೀರ್ಮಾನವಾಯಿತು. ಸೋಮವಾರ ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ತೇಗದ ತೆಳು ಪಟ್ಟಿ ಕೇಳಬೇಕು.